ಶಾಂತಲಾದೇವಿ

ಶಾಂತಲಾದೇವಿ (ಮರಣ: ಕ್ರಿ.ಶ. 1131) ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟಮಹಾದೇವಿ. ಸಂಗೀತ, ವಾದ್ಯ ಹಾಗೂ ನೃತ್ಯಗಳಲ್ಲಿ ಪರಿಣತೆಯೆಂದು ಸಮಕಾಲೀನ ಶಾಸನಗಳಲ್ಲಿಯೇ ಕೀರ್ತಿತಳಾದ ಕಲಾವಿದೆ. ಬೇಲೂರಿನ ಕಪ್ಪೆ ಚೆನ್ನಿಗರಾಯ ದೇವಾಲಯ ಮತ್ತು ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಗಳನ್ನು ಈಕೆ ನಿರ್ಮಿಸಿದಳು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಎರಡು ಗರ್ಭಗುಡಿಗಳಲ್ಲಿ ಒಂದು ಈಕೆಯ ಹೆಸರಿನಿಂದ ಶಾಂತಲೇಶ್ವರವೆನಿಸಿದೆ. ಜನಸಾಮಾನ್ಯರು ಈಕೆಯನ್ನು ನಾಟ್ಯರಾಣಿ ಶಾಂತಲೆ ಎಂದು ಕರೆಯುತ್ತಾರೆ. ಶಾಂತಲೆಯ ಬದುಕನ್ನು ಕುರಿತು ಇಂದು ಪ್ರಚಲಿತವಾಗಿರುವ ಸಂಗತಿಗಳಲ್ಲಿ ಕೆಲವು ಶಾಸನಗಳಿಂದ ತಿಳಿದವು, ಕೆಲವು ಐತಿಹ್ಯದಿಂದ ಬಂದವು, ಇನ್ನು ಕೆಲವು ಇಪ್ಪತ್ತನೆಯ ಶತಮಾನದ ಕಾದಂಬರಿಗಳಿಂದ ಹರಡಿದವು. ಈ ಮೂರನ್ನೂ ಬೇರೆಬೇರೆಯಾಗಿ ಗುರುತಿಸಿಕೊಂಡರೆ ಮಾತ್ರ ಆಕೆಯ ನಿಜವಾದ ಹಿರಿಮೆ ತಿಳಿಯುತ್ತದೆ.

ಮನೆತನ

ಶಾಂತಲೆಯ ತಂದೆ ಪೆರ್ಗಡೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ. ಪೆರ್ಗಡೆ ಎಂಬುದು ಅಂದಿನ ಆಡಳಿತದಲ್ಲಿ ಒಂದು ಅಧಿಕಾರಸ್ಥಾನದ ಹೆಸರು. ಇಂದಿನ ಹೆಗ್ಗಡೆ ಎಂಬ ಪದ ಅದರಿಂದಲೇ ಬಂದಿದೆ. ಮಾಚಿಕಬ್ಬೆಯ ತವರುಮನೆಯಲ್ಲಿ ದಂಡನಾಯಕರು ಆಗಿಹೋಗಿದ್ದರು. ತಂದೆ ಶೈವಧರ್ಮದವನು, ತಾಯಿ ಜೈನಧರ್ಮದಲ್ಲಿ ದೃಢವಾದ ನಂಬಿಕೆಯಿದ್ದವಳು. ಎರಡು ಮತಗಳು ಒಂದೇ ಮನೆಯಲ್ಲಿ ನೆಲೆಸಿದ್ದ ಈ ವಾತಾವರಣ ಶಾಂತಲೆಯ ಮುಂದಿನ ನಡೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆಕೆ ತಾಯಿಯ ಧರ್ಮವನ್ನು ಅನುಸರಿಸಿದಳು. ಮೇಘಚಂದ್ರ ತ್ರೈವಿದ್ಯದೇವರ ಶಿಷ್ಯರಾದ ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳಾಗಿದ್ದರು.

ಶಾಂತಲೆ ಹುಟ್ಟಿದ ವರ್ಷವನ್ನು ಯಾವ ಶಾಸನವೂ ಹೇಳುವುದಿಲ್ಲ. ಆಕೆ ಬಳ್ಳಿಗಾವೆಯಲ್ಲಿ ಬೆಳೆದು ಅಲ್ಲಿಯೇ ನಾಟ್ಯವನ್ನು ಕಲಿತಳೆಂಬ ಮಾತು ಜನಜನಿತವಾಗಿದೆ. ಬಳ್ಳಿಗಾವೆ ಆ ಕಾಲದಲ್ಲಿ ವಿದ್ಯೆ ಮತ್ತು ಶಿಲ್ಪಕಲೆಗಳ ದೊಡ್ಡ ಕೇಂದ್ರವಾಗಿತ್ತು. ಬೇಲೂರಿನ ಶಿಲ್ಪಗಳನ್ನು ಕಂಡರಿಸಿದ ದಾಸೋಜ ಮತ್ತು ಆತನ ಮಗ ಚಾವಣ ಅಲ್ಲಿಂದಲೇ ಬಂದವರು. ಶಾಂತಲೆಯ ಬಾಲ್ಯವನ್ನು ಆ ಊರಿನೊಂದಿಗೆ ಜೋಡಿಸುವ ಕಥೆ ಹುಟ್ಟಿಕೊಳ್ಳಲು ಈ ನಂಟು ಕಾರಣವಾಗಿರಬಹುದು.

ಪಟ್ಟಮಹಾದೇವಿ

ವಿಷ್ಣುವರ್ಧನನ ಮೊದಲಿನ ಹೆಸರು ಬಿಟ್ಟಿದೇವ. ಸುಮಾರು 1108ರಲ್ಲಿ ಆತ ಪಟ್ಟಕ್ಕೆ ಬಂದನು. ಆಗ ಹೊಯ್ಸಳರು ಕಲ್ಯಾಣದ ಚಾಲುಕ್ಯರಿಗೆ ಅಧೀನರಾದ ಸಾಮಂತರು. ದಕ್ಷಿಣದಲ್ಲಿ ಗಂಗವಾಡಿ ಚೋಳರ ವಶದಲ್ಲಿತ್ತು. 1116ರ ಸುಮಾರಿಗೆ ತಲಕಾಡನ್ನು ಗೆದ್ದು ಚೋಳರನ್ನು ಹಿಮ್ಮೆಟ್ಟಿಸಿದ ವಿಷ್ಣುವರ್ಧನ ತಲಕಾಡುಗೊಂಡ ಎಂಬ ಬಿರುದನ್ನು ಧರಿಸಿದನು. ಬೇಲೂರು ಮತ್ತು ದೋರಸಮುದ್ರಗಳು, ಅಂದರೆ ಇಂದಿನ ಬೇಲೂರು ಮತ್ತು ಹಳೇಬೀಡುಗಳು, ಈ ಬೆಳೆಯುತ್ತಿದ್ದ ರಾಜ್ಯದ ಮುಖ್ಯ ನೆಲೆಗಳಾಗಿದ್ದವು.

ವಿಷ್ಣುವರ್ಧನನಿಗೆ ಹಲವು ರಾಣಿಯರಿದ್ದರು. ಅವರಲ್ಲಿ ಲಕ್ಷ್ಮೀದೇವಿ, ಬಮ್ಮಲದೇವಿ ಮತ್ತು ರಾಜಲದೇವಿಯರ ಹೆಸರುಗಳು ಶಾಸನಗಳಲ್ಲಿ ದೊರೆಯುತ್ತವೆ. ಶಾಂತಲೆಗೆ ಪಿರಿಯರಸಿ ಮತ್ತು ಪಟ್ಟಮಹಾದೇವಿ ಎಂಬ ಸ್ಥಾನಗಳಿದ್ದವು. ಶಾಸನಗಳು ಆಕೆಗೆ ನೀಡಿರುವ ವಿಶೇಷಣಗಳ ಪಟ್ಟಿ ಬಹಳ ಉದ್ದವಾದದ್ದು. ವಿವೇಕದಲ್ಲಿ ಬೃಹಸ್ಪತಿ, ಸಮಯಕ್ಕೆ ತಕ್ಕಂತೆ ಮಾತನಾಡುವುದರಲ್ಲಿ ವಾಚಸ್ಪತಿ, ಅಭಿನವ ರುಕ್ಮಿಣಿ, ಸಮ್ಯಕ್ತ್ವಚೂಡಾಮಣಿ ಎಂದು ಅವು ಹೊಗಳುತ್ತವೆ. ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಉದ್ವೃತ್ತ ಸವತಿಗಂಧವಾರಣೆ ಎಂಬ ಬಿರುದು. ಸೊಕ್ಕಿದ ಸವತಿಯರಿಗೆ ಮದಗಜದಂತಿರುವವಳು ಎಂಬುದು ಅದರ ಅರ್ಥ. ಅರಮನೆಯಲ್ಲಿ ಆಕೆಗಿದ್ದ ಸ್ಥಾನಬಲವನ್ನೂ ಅಂತಃಪುರದ ಪೈಪೋಟಿಯನ್ನೂ ಈ ಒಂದು ಬಿರುದೇ ತಿಳಿಸುತ್ತದೆ.

ಕಲಾವಿದೆಯಾಗಿ

ಶಾಂತಲೆಯ ಬಿರುದುಗಳಲ್ಲಿ ಕಲೆಗೆ ಸಂಬಂಧಿಸಿದ ಮುಖ್ಯವಾದ ಬಿರುದು ಗೀತವಾದ್ಯನೃತ್ಯ ಸೂತ್ರಧಾರೆ. ಹಾಡು, ವಾದನ, ಕುಣಿತ ಈ ಮೂರನ್ನೂ ನಡೆಸಬಲ್ಲವಳು ಎಂಬುದು ಇದರ ಭಾವ. ಸೂತ್ರಧಾರೆ ಎಂಬ ಮಾತನ್ನು ಗಮನಿಸಬೇಕು. ಅದು ಕೇವಲ ನರ್ತಕಿಗೆ ಸಲ್ಲುವ ಮಾತಲ್ಲ. ರಂಗವನ್ನು ಸಜ್ಜುಗೊಳಿಸಿ, ಪ್ರಯೋಗವನ್ನು ಮೊದಲಿನಿಂದ ಕೊನೆಯವರೆಗೆ ನಿರ್ದೇಶಿಸುವವರಿಗೆ ಸಲ್ಲುವ ಮಾತು. ಇಂದು ಆಕೆಯನ್ನು ನಾಟ್ಯರಾಣಿ ಎಂದಷ್ಟೇ ನೆನೆಯುವಾಗ ಈ ವ್ಯಾಪ್ತಿ ಕಿರಿದಾಗುತ್ತದೆ.

ಹೊಯ್ಸಳ ದೇವಾಲಯಗಳ ನವರಂಗದ ನಡುವೆ ನಯಗೊಳಿಸಿದ ದುಂಡನೆಯ ಕಲ್ಲಿನ ಜಗತಿ ಇರುವುದು ಸಾಮಾನ್ಯ. ಬೇಲೂರಿನಲ್ಲಿಯೂ ಹಳೇಬೀಡಿನಲ್ಲಿಯೂ ಇದನ್ನು ಕಾಣಬಹುದು. ದೇವರ ಮುಂದೆ ಸಂಗೀತ ನೃತ್ಯಗಳನ್ನು ಅರ್ಪಿಸುವ ಸೇವೆ ಅಲ್ಲಿ ನಡೆಯುತ್ತಿತ್ತು. ಬೇಲೂರಿನ ಜಗತಿಯ ಮೇಲೆ ಶಾಂತಲೆಯೇ ನರ್ತಿಸಿದಳೆಂದು ಪ್ರವಾಸಿಗರಿಗೆ ಹೇಳುವುದು ರೂಢಿ. ಅದಕ್ಕೆ ಶಾಸನದ ಆಧಾರವಿಲ್ಲ.

ಬೇಲೂರು

ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ವಿಜಯನಾರಾಯಣನ ಪ್ರತಿಷ್ಠೆ 1117ರಲ್ಲಿ ನಡೆಯಿತು. ಅದೇ ಕಾಲದಲ್ಲಿ, ಅದೇ ಪ್ರಾಕಾರದ ಒಳಗೆ, ಶಾಂತಲೆ ಮತ್ತೊಂದು ದೇವಾಲಯವನ್ನು ಕಟ್ಟಿಸಿ ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದಳು. ವಿಗ್ರಹದ ಪೀಠದ ಮೇಲಿನ ಬರಹ ಇದನ್ನು ತಿಳಿಸುತ್ತದೆ. ಈಗ ಕಪ್ಪೆ ಚೆನ್ನಿಗರಾಯನ ಗುಡಿ ಎಂದು ಹೆಸರಾಗಿರುವುದು ಇದೇ. ವಿಗ್ರಹದ ಹೊಟ್ಟೆಯೊಳಗೆ ಕಪ್ಪೆಯಿತ್ತೆಂಬ ಜಕಣಾಚಾರಿಯ ಕಥೆ ಈ ಗುಡಿಗೆ ಅಂಟಿಕೊಂಡಿದೆ. ಆ ಕಥೆಯ ಪ್ರಸಿದ್ಧಿಯಿಂದಾಗಿ, ಗುಡಿಯನ್ನು ಕಟ್ಟಿಸಿದವಳು ಶಾಂತಲೆ ಎಂಬ ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ.

ಮುಖ್ಯ ದೇವಾಲಯದ ಮದನಿಕಾ ವಿಗ್ರಹಗಳು ಲೋಕಪ್ರಸಿದ್ಧವಾಗಿವೆ. ಕನ್ನಡಿ ಹಿಡಿದ ದರ್ಪಣಸುಂದರಿಗೆ ಶಾಂತಲೆಯೇ ಮಾದರಿಯಾಗಿದ್ದಳೆಂಬ ನಂಬಿಕೆ ವ್ಯಾಪಕವಾಗಿದೆ. ಈ ವಿಗ್ರಹಗಳಲ್ಲಿ ಹಲವುಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರು, ಊರು, ಬಿರುದುಗಳನ್ನು ಕೆತ್ತಿಕೊಂಡಿದ್ದಾರೆ; ಆದರೆ ಶಾಂತಲೆ ಮಾದರಿಯಾಗಿದ್ದಳೆಂದು ಯಾವುದರ ಮೇಲೂ ಬರೆದಿಲ್ಲ. ದೇವಾಲಯದ ಪೂರ್ವದ್ವಾರದ ಪಕ್ಕದ ಜಾಲಂಧ್ರದಲ್ಲಿ ಅರಸ ಮತ್ತು ಅರಸಿ ಒಡ್ಡೋಲಗದಲ್ಲಿ ಕುಳಿತಿರುವ ದೃಶ್ಯವಿದೆ. ಅದನ್ನು ವಿಷ್ಣುವರ್ಧನ ಮತ್ತು ಶಾಂತಲೆಯರ ಚಿತ್ರವೆಂದು ಗುರುತಿಸುತ್ತಾರೆ. ಜಾಲಂಧ್ರಗಳು ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ವೀರಬಲ್ಲಾಳನ ಕಾಲದವೆಂಬುದು ವಿದ್ವಾಂಸರ ಅಭಿಪ್ರಾಯ. ಗುರುತು ಸರಿಯಾದರೆ, ಅದು ಶಾಂತಲೆ ತೀರಿಕೊಂಡ ಹಲವು ದಶಕಗಳ ಬಳಿಕ ಆಕೆಯ ನೆನಪಿಗೆ ಸಂದ ಗೌರವವಾಗುತ್ತದೆ.

ಹಳೇಬೀಡು

ಬೇಲೂರಿನಿಂದ ಸುಮಾರು 16 ಕಿಲೋಮೀಟರ್ ದೂರದಲ್ಲಿರುವ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ನಿರ್ಮಾಣ 1121ರ ಸುಮಾರಿಗೆ ಆರಂಭವಾಯಿತು. ಇದನ್ನು ಕಟ್ಟಿಸಿದವನು ಕೇತಮಲ್ಲನೆಂಬ ಅಧಿಕಾರಿ. ಇದು ಅಕ್ಕಪಕ್ಕದಲ್ಲಿರುವ ಎರಡು ಗುಡಿಗಳು ಕೂಡಿದ ದೇವಾಲಯ. ದಕ್ಷಿಣದ ಗರ್ಭಗುಡಿಯ ಲಿಂಗಕ್ಕೆ ಹೊಯ್ಸಳೇಶ್ವರ ಎಂದೂ ಉತ್ತರದ ಲಿಂಗಕ್ಕೆ ಶಾಂತಲೇಶ್ವರ ಎಂದೂ ಹೆಸರು. ಎರಡರ ಎದುರಿಗೂ ಪ್ರತ್ಯೇಕವಾದ ನಂದಿಮಂಟಪಗಳಿವೆ. ಅರಸನ ಮತ್ತು ಅರಸಿಯ ಹೆಸರಿನ ದೇವರುಗಳಿಗೆ ಒಂದೇ ಅಳತೆಯ ಗುಡಿಗಳನ್ನು ಸಮನಾಗಿ ನಿಲ್ಲಿಸಿದ್ದು ಗಮನಾರ್ಹ. ಬದುಕಿರುವಾಗಲೇ ಶಾಂತಲೆಗೆ ದೊರೆತ ಅತ್ಯುನ್ನತ ಗೌರವ ಇದು. ಜೈನಧರ್ಮವನ್ನು ನಂಬಿದ ರಾಣಿಯ ಹೆಸರು ಶಿವಲಿಂಗಕ್ಕೆ ಸಂದದ್ದು ಆ ಕಾಲದ ಮತಸಹಿಷ್ಣುತೆಗೂ ಸಾಕ್ಷಿಯಾಗಿದೆ.

ಶ್ರವಣಬೆಳಗೊಳ

ಶಾಂತಲೆ ತನ್ನ ಸ್ವಂತ ನಂಬಿಕೆಯಿಂದ ಮಾಡಿಸಿದ ಮುಖ್ಯ ಕಟ್ಟಡ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲಿನ ಬಸದಿ. 1123ರಲ್ಲಿ ಇದನ್ನು ಕಟ್ಟಿಸಿ ಹದಿನಾರನೆಯ ತೀರ್ಥಂಕರನಾದ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. ಬಸದಿಗೆ ಆಕೆಯ ಬಿರುದೇ ಹೆಸರಾಗಿ, ಅದು ಸವತಿಗಂಧವಾರಣ ಬಸದಿ ಎನಿಸಿತು. ಪೂಜೆಗೂ ಮುನಿಗಳ ಆಹಾರದಾನಕ್ಕೂ ಮೊಟ್ಟೆನವಿಲೆ ಎಂಬ ಗ್ರಾಮವನ್ನು ಅರಸನ ಅನುಮತಿಯೊಂದಿಗೆ ಗುರು ಪ್ರಭಾಚಂದ್ರ ಸಿದ್ಧಾಂತದೇವರಿಗೆ ದತ್ತಿಯಾಗಿ ಬಿಟ್ಟಳು.

ವಿಷ್ಣುವರ್ಧನ ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾದನೆಂಬುದು ಪ್ರಸಿದ್ಧವಾದ ಸಂಪ್ರದಾಯ. ಶಾಂತಲೆ ಮಾತ್ರ ಜೈನಳಾಗಿಯೇ ಉಳಿದಳು. ಹಾಗಿದ್ದರೂ ಬೇಲೂರಿನ ವೈಷ್ಣವ ಗುಡಿಯನ್ನು ಕಟ್ಟಿಸಲು ಆಕೆ ಹಿಂಜರಿಯಲಿಲ್ಲ. ಅರಸನೂ ಬಸದಿಗಳಿಗೆ ಆಶ್ರಯ ನೀಡುವುದನ್ನು ಮುಂದುವರಿಸಿದನು. ಬೆಳಗೊಳದ ಬಸದಿ, ಬೇಲೂರಿನ ಗುಡಿ, ಹಳೇಬೀಡಿನ ಲಿಂಗ ಈ ಮೂರನ್ನೂ ಒಟ್ಟಿಗೆ ನೋಡಿದಾಗ ಶಾಂತಲೆಯ ಧಾರ್ಮಿಕ ನಿಲುವು ಅರ್ಥವಾಗುತ್ತದೆ.

ಮರಣ

ಶಾಂತಲೆಯ ಮರಣದ ಬಗೆಗೆ ಅತ್ಯಂತ ವಿಶ್ವಸನೀಯವಾದ ಆಧಾರ ಶ್ರವಣಬೆಳಗೊಳದ ಶಾಸನ. ಶಕವರ್ಷ 1053ರ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಸೋಮವಾರದಂದು, ಅಂದರೆ 1131ರಲ್ಲಿ, ಶಿವಗಂಗೆಯ ತೀರ್ಥದಲ್ಲಿ ಆಕೆ ತೀರಿಕೊಂಡಳೆಂದು ಅದು ತಿಳಿಸುತ್ತದೆ. ಶಿವಗಂಗೆ ಈಗಿನ ನೆಲಮಂಗಲ ತಾಲ್ಲೂಕಿನಲ್ಲಿರುವ ಶೈವಕ್ಷೇತ್ರ. ಮಗಳ ಅಗಲಿಕೆಯನ್ನು ತಾಳಲಾರದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನವನ್ನು ಕೈಗೊಂಡು, ಒಂದು ತಿಂಗಳು ಉಪವಾಸವಿದ್ದು ದೇಹತ್ಯಾಗ ಮಾಡಿದಳು. ಮಗಳ ಹಿರಿಮೆ ಮತ್ತು ತಾಯಿಯ ವ್ರತ ಎರಡೂ ಒಂದೇ ಕಲ್ಲಿನಲ್ಲಿ ದಾಖಲಾಗಿವೆ.

ಶಿವಗಂಗೆ ಬೆಟ್ಟದ ತುದಿಯ ಕಡಿದಾದ ಸ್ಥಳವೊಂದನ್ನು ತೋರಿಸಿ, ಶಾಂತಲೆ ಅಲ್ಲಿಂದ ಹಾರಿ ಪ್ರಾಣ ಬಿಟ್ಟಳೆಂದು ಹೇಳುವ ಕಥೆ ಬಹಳ ಪ್ರಚಾರದಲ್ಲಿದೆ. ತನಗೆ ಮಕ್ಕಳಿಲ್ಲದ ಕಾರಣ, ರಾಜ್ಯಕ್ಕೆ ಉತ್ತರಾಧಿಕಾರಿ ದೊರೆಯಲೆಂದು ಆಕೆ ಪ್ರಾಣತ್ಯಾಗ ಮಾಡಿದಳೆಂದು ಕೆಲವರು, ಸವತಿಯ ಏಳಿಗೆಯಿಂದ ನೊಂದಳೆಂದು ಇನ್ನು ಕೆಲವರು ಕಾರಣವನ್ನು ಕಲ್ಪಿಸುತ್ತಾರೆ. ಶಾಸನದಲ್ಲಿ ಇದಾವುದೂ ಇಲ್ಲ. ತಾಯಿಯ ಉಪವಾಸವನ್ನು ವಿವರವಾಗಿ ಹೇಳುವ ಅದೇ ಶಾಸನ ಮಗಳು ಹೇಗೆ ತೀರಿಕೊಂಡಳೆಂಬುದನ್ನು ಹೇಳದೆ ಬಿಟ್ಟಿದೆ. ಲಕ್ಷ್ಮೀದೇವಿಯ ಮಗ ನರಸಿಂಹ ಹುಟ್ಟಿದ್ದು 1133ರಲ್ಲಿ. ಆತನ ಜನನದ ಸುದ್ದಿ ಮತ್ತು ಯುದ್ಧವಿಜಯ ಎರಡೂ ಒಟ್ಟಿಗೆ ಬಂದ ಸಂದರ್ಭದಲ್ಲಿಯೇ ಹಳೇಬೀಡಿನ ಪಾರ್ಶ್ವನಾಥ ಬಸದಿಯ ದೇವರಿಗೆ ವಿಜಯಪಾರ್ಶ್ವ ಎಂಬ ಹೆಸರು ಬಂದಿತು. ಹೀಗಾಗಿ ನರಸಿಂಹನ ಜನನದಿಂದ ಶಾಂತಲೆ ಮನನೊಂದಳೆಂದು ಹೇಳುವುದು ಕಾಲಗಣನೆಗೆ ಹೊಂದುವುದಿಲ್ಲ. ಆ ವೇಳೆಗೆ ಆಕೆ ಕಾಲವಾಗಿ ಎರಡು ವರ್ಷಗಳಾಗಿದ್ದವು.

ಸ್ಮರಣೆ ಮತ್ತು ಗೌರವ

ಶಾಂತಲೆಯ ಹೆಸರು ಊರು, ಪ್ರಶಸ್ತಿ, ಕಾದಂಬರಿಗಳ ಮೂಲಕವೂ ಉಳಿದುಬಂದಿದೆ. ಹಾಸನದ ಸಮೀಪದ ಶಾಂತಿಗ್ರಾಮಕ್ಕೆ ಆಕೆಯಿಂದಲೇ ಆ ಹೆಸರು ಬಂದಿತೆಂದು ಹೇಳುತ್ತಾರೆ. ರಾಣಿಯರ ನೆನಪು ಊರಿನ ಹೆಸರಾಗುವುದು ಈ ಸೀಮೆಗೆ ಹೊಸದಲ್ಲ. ಅರಸೀಕೆರೆ ಎಂಬ ಹೆಸರೂ ಹೊಯ್ಸಳ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಬಂದದ್ದೆಂದು ಪ್ರತೀತಿ. ಅಲ್ಲಿ ಅರಸಿಯ ಹೆಸರು ಮರೆತುಹೋಗಿ ಕೆರೆ ಉಳಿಯಿತು. ಶಾಂತಲೆಯ ವಿಷಯದಲ್ಲಿ ಹೆಸರೂ ಉಳಿಯಿತು, ಕಟ್ಟಡಗಳೂ ಉಳಿದವು.

ಕನ್ನಡ ಸಾಹಿತ್ಯದಲ್ಲಿ ಕೆ. ವಿ. ಅಯ್ಯರ್ ಅವರ ಶಾಂತಲಾ ಎಂಬ ಕಾದಂಬರಿ ಆಕೆಯನ್ನು ಮನೆಮನೆಗೆ ತಲುಪಿಸಿತು. ಸಿ. ಕೆ. ನಾಗರಾಜರಾವ್ ಅವರು ಪಟ್ಟಮಹಾದೇವಿ ಶಾಂತಲದೇವಿ ಎಂಬ ಬೃಹತ್ ಕಾದಂಬರಿಯನ್ನು ರಚಿಸಿದರು. ಅದಕ್ಕೆ ಭಾರತೀಯ ಜ್ಞಾನಪೀಠದ 1983ರ ಮೂರ್ತಿದೇವಿ ಪ್ರಶಸ್ತಿ ಲಭಿಸಿತು. ಇಂದಿನ ಓದುಗರ ಮನಸ್ಸಿನಲ್ಲಿರುವ ಶಾಂತಲೆಯ ರೂಪ ಬಹುಮಟ್ಟಿಗೆ ಇಂತಹ ಕೃತಿಗಳಿಂದ ಮೂಡಿದ್ದು. ಕಾದಂಬರಿಕಾರರಿಗೆ ಕಲ್ಪನೆಯ ಸ್ವಾತಂತ್ರ್ಯವಿದೆ. ಅವರು ಕಲ್ಪಿಸಿದ ಮಾತು ಮತ್ತು ಘಟನೆಗಳನ್ನು ಇತಿಹಾಸವೆಂದು ಎಣಿಸಬಾರದು.

ಕರ್ನಾಟಕ ಸರ್ಕಾರವು ನೃತ್ಯಕ್ಷೇತ್ರದ ಹಿರಿಯ ಸಾಧಕರಿಗೆ ಶಾಂತಲಾ ನಾಟ್ಯ ಪ್ರಶಸ್ತಿಯನ್ನು ನೀಡುತ್ತದೆ. ಚಲನಚಿತ್ರರಂಗದ ಸಾಧಕರಿಗೆ ಡಾ. ರಾಜ್‌ಕುಮಾರ್ ಹೆಸರಿನ ಪ್ರಶಸ್ತಿ ಇರುವಂತೆ ನೃತ್ಯಕ್ಕೆ ಶಾಂತಲೆಯ ಹೆಸರಿದೆ. ಮೆಚ್ಚಿನ ಕಲಾವಿದರ ಹೆಸರನ್ನು ಅಳಿಯದಂತೆ ಉಳಿಸಬೇಕೆಂಬ ಹಂಬಲ ಎಲ್ಲ ಕಾಲದಲ್ಲಿಯೂ ಇದೆ. ಅಮೆರಿಕದ ಹಾಲಿವುಡ್‌ನಲ್ಲಿ ಚಿತ್ರತಾರೆಯರ ಹೆಸರುಗಳನ್ನು ಕಾಲುದಾರಿಯ ಹಾಸಿನಲ್ಲಿ ನಕ್ಷತ್ರಾಕಾರದೊಳಗೆ ಕೂರಿಸಿದ್ದಾರೆ. ಹೊಯ್ಸಳ ನಾಡಿನಲ್ಲಿ ಆ ಕೆಲಸವನ್ನು ಶಾಸನ, ಬಸದಿ ಮತ್ತು ದೇವಾಲಯಗಳು ಮಾಡಿವೆ. ಒಂದು ವ್ಯತ್ಯಾಸವೆಂದರೆ, ಶಾಂತಲೆಯ ಸ್ಮಾರಕಗಳಲ್ಲಿ ಎರಡು ಆಕೆಯೇ ಕಟ್ಟಿಸಿದವು.

2023ರ ಸೆಪ್ಟೆಂಬರ್ ತಿಂಗಳಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಪ್ಪೆ ಚೆನ್ನಿಗರಾಯನ ಗುಡಿಯೂ ಶಾಂತಲೇಶ್ವರನ ಗುಡಿಯೂ ಈ ದೇವಾಲಯ ಸಮೂಹಗಳಲ್ಲಿಯೇ ಇವೆ. ಬೇಲೂರಿಗೆ ಬಂದವರು ಮದನಿಕೆಯರಲ್ಲಿ ಶಾಂತಲೆಯ ಮುಖವನ್ನು ಹುಡುಕುವುದುಂಟು. ಆಕೆಯ ಹೆಸರನ್ನು ನಿಶ್ಚಯವಾಗಿ ಹೊತ್ತಿರುವುದು ಅದೇ ಅಂಗಳದ ಚಿಕ್ಕ ಗುಡಿಯ ವಿಗ್ರಹಪೀಠ.