ಬ್ಯಾಟರಿ ಡೌನ್ ಆದಾಗ ನೆನಪಾಗಬೇಕಾದ ಹೆಸರು: ಕಾರಿಗೆ ಸೆಲ್ಫ್ ಸ್ಟಾರ್ಟರ್ ಕೊಟ್ಟ ಚಾರ್ಲ್ಸ್ ಕೆಟರಿಂಗ್

ಚಳಿಗಾಲದ ಬೆಳಗ್ಗೆ. ಆಫೀಸಿಗೆ ಹೊರಡುವ ಹೊತ್ತು. ಕೀಲಿ ತಿರುಗಿಸಿದರೆ ಡ್ಯಾಶ್‌ಬೋರ್ಡ್ ದೀಪಗಳು ಮಂಕಾಗಿ ಹೊತ್ತಿಕೊಳ್ಳುತ್ತವೆ, ಬಾನೆಟ್ ಒಳಗಿಂದ ‘ಟಕ್ ಟಕ್’ ಎಂಬ ಸದ್ದು ಬರುತ್ತದೆ, ಅಷ್ಟೇ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ. ರಾತ್ರಿ ಹೆಡ್‌ಲೈಟ್ ಆರಿಸಲು ಮರೆತದ್ದಕ್ಕೋ, ವಾರಗಟ್ಟಲೆ ಕಾರು ನಿಂತಲ್ಲೇ ನಿಂತದ್ದಕ್ಕೋ ಬ್ಯಾಟರಿ ಡೌನ್ ಆಗಿದೆ. ಇನ್ನು ವಾಚ್‌ಮನ್‌ನನ್ನು ಕರೆದು ತಳ್ಳಿಸಬೇಕು, ಇಲ್ಲವೇ ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಬೇಕು.

ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಒಂದು ಬ್ಯಾಟರಿ ಕೈಕೊಟ್ಟರೆ ಇಡೀ ಕಾರು ನಿಲ್ಲುವುದೇಕೆ? ಮೊದಲು ಹೀಗಿರಲಿಲ್ಲ. ಕಾರನ್ನೂ ಬ್ಯಾಟರಿಯನ್ನೂ ಹೀಗೆ ಗಂಟು ಹಾಕಿದವರು ಅಮೆರಿಕದ ಓಹಾಯೊ ರಾಜ್ಯದ ರೈತ ಕುಟುಂಬವೊಂದರ ಮಗ. ಹೆಸರು ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್.

ಓದಲು ಕಣ್ಣೇ ಸಹಕರಿಸಲಿಲ್ಲ

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ರಂದು, ಓಹಾಯೊದ ಲೌಡನ್‌ವಿಲ್ ಊರಿನ ಹತ್ತಿರದ ಹೊಲಮನೆಯಲ್ಲಿ. ಓದಿನಲ್ಲಿ ಚುರುಕು, ಆದರೆ ಕಣ್ಣು ದುರ್ಬಲ. ಪುಸ್ತಕ ಹಿಡಿದರೆ ತಲೆನೋವು ಶುರುವಾಗುತ್ತಿತ್ತು. ಹಳ್ಳಿಯ ಶಾಲೆಯಲ್ಲಿ ಕೆಲಕಾಲ ಮೇಷ್ಟ್ರಾಗಿದ್ದು, ಬಳಿಕ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್‌ಗೆ ಸೇರಿದರು. ಕಣ್ಣಿನ ತೊಂದರೆ ಹೆಚ್ಚಾಗಿ ಓದನ್ನು ಅರ್ಧಕ್ಕೇ ಬಿಡಬೇಕಾಯಿತು.

ಆಗ ಅವರು ಸೇರಿದ್ದು ಟೆಲಿಫೋನ್ ತಂತಿ ಎಳೆಯುವ ಕೂಲಿಗಳ ತಂಡಕ್ಕೆ. ಕಂಬಕ್ಕೆ ಗುಂಡಿ ತೋಡುವುದು, ತಂತಿ ಕಟ್ಟುವುದು, ಎಕ್ಸ್‌ಚೇಂಜ್ ರಿಪೇರಿ ಮಾಡುವುದು. ಪುಸ್ತಕದಲ್ಲಿ ಓದಲಾಗದ ವಿದ್ಯುತ್ ವಿದ್ಯೆ ಅಲ್ಲಿ ಕೈಗೆ ಹತ್ತಿತು. ಮತ್ತೆ ಕಾಲೇಜಿಗೆ ಮರಳಿ, ಸಹಪಾಠಿಗಳು ಗಟ್ಟಿಯಾಗಿ ಓದಿದ್ದನ್ನು ಕೇಳಿ ಕಲಿತು, 1904ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್ ಆದರು. ಅಷ್ಟು ಹೊತ್ತಿಗೆ ವಯಸ್ಸು 27 ದಾಟಿತ್ತು.

ಗಲ್ಲಾಪೆಟ್ಟಿಗೆ ಕಲಿಸಿದ ಪಾಠ

ಮೊದಲ ದೊಡ್ಡ ಕೆಲಸ ಸಿಕ್ಕಿದ್ದು ಡೇಟನ್ ನಗರದ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ. ಅಂಗಡಿಗಳ ಲೆಕ್ಕದ ಗಲ್ಲಾಪೆಟ್ಟಿಗೆ ತಯಾರಿಸುವ ಕಂಪನಿ ಅದು. ಆಗೆಲ್ಲ ಪ್ರತಿ ಬಿಲ್‌ಗೂ ಕೈಯಿಂದ ಹಿಡಿಕೆ ತಿರುಗಿಸಬೇಕಿತ್ತು. ಅದಕ್ಕೊಂದು ಮೋಟಾರ್ ಜೋಡಿಸುವುದು ಕೆಟರಿಂಗ್ ಅವರ ಪಾಲಿಗೆ ಬಂತು.

ಇಲ್ಲೊಂದು ತೊಡಕಿತ್ತು. ಅಷ್ಟು ಶಕ್ತಿ ಕೊಡುವ ಸಾಮಾನ್ಯ ಮೋಟಾರ್ ಪೆಟ್ಟಿಗೆಯೊಳಗೆ ಹಿಡಿಸುತ್ತಿರಲಿಲ್ಲ. ಕೆಟರಿಂಗ್ ಬೇರೆ ರೀತಿ ಯೋಚಿಸಿದರು. ಗಲ್ಲಾಪೆಟ್ಟಿಗೆಯ ಮೋಟಾರ್ ಇಡೀ ದಿನ ತಿರುಗಬೇಕಿಲ್ಲ. ಒಂದು ಕ್ಷಣ ಜೋರಾಗಿ ತಿರುಗಿ ನಿಂತರೆ ಸಾಕು. ಹಾಗಿದ್ದರೆ ಪುಟ್ಟ ಮೋಟಾರ್‌ಗೆ ಅದರ ಮಿತಿ ಮೀರಿ ಕರೆಂಟ್ ಕೊಡಬಹುದು. ಅದು ಬಿಸಿಯಾಗಿ ಸುಡುವ ಮೊದಲೇ ಕೆಲಸ ಮುಗಿದಿರುತ್ತದೆ. ಕೆಲವೇ ವರ್ಷಗಳಲ್ಲಿ ಇದೇ ಯೋಚನೆ ಕಾರಿನ ಇತಿಹಾಸವನ್ನು ಬದಲಿಸಿತು.

ಕೈ ಮುರಿಯುತ್ತಿದ್ದ ಹ್ಯಾಂಡಲ್

ಆ ಕಾಲದ ಪೆಟ್ರೋಲ್ ಕಾರು ಸ್ಟಾರ್ಟ್ ಮಾಡಲು ಬ್ಯಾಟರಿಗಿಂತ ತೋಳ್ಬಲ ಮುಖ್ಯವಾಗಿತ್ತು. ಕಾರಿನ ಮುಂದೆ ಬಾಗಿ ನಿಂತು, ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ರಭಸವಾಗಿ ತಿರುಗಿಸಬೇಕು. ಕಿಡಿ ಹಾರುವ ಸಮಯ ಸ್ವಲ್ಪ ಹೆಚ್ಚುಕಡಿಮೆಯಾದರೆ ಎಂಜಿನ್ ಹಿಂದಕ್ಕೆ ಒದೆಯುತ್ತಿತ್ತು. ಹ್ಯಾಂಡಲ್ ತಿರುಗಿ ಬಡಿದು ಮಣಿಕಟ್ಟು, ತೋಳು ಮುರಿಯುತ್ತಿದ್ದವು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕಕ್ಕೇ ಇಟ್ಟುಕೊಳ್ಳುವುದು ಅನುಭವಸ್ಥ ಚಾಲಕರ ರೂಢಿಯಾಗಿತ್ತು. ಒದೆತ ಬಿದ್ದರೆ ಹೆಬ್ಬೆರಳಾದರೂ ಉಳಿಯಲಿ ಎಂದು.

ಹೀಗಾಗಿ ವಯಸ್ಸಾದವರು, ದುರ್ಬಲರು, ಅನೇಕ ಮಹಿಳೆಯರು ಪೆಟ್ರೋಲ್ ಕಾರಿನಿಂದ ದೂರವೇ ಉಳಿದರು. ಬ್ಯಾಟರಿಯಿಂದಲೇ ಓಡುವ ಎಲೆಕ್ಟ್ರಿಕ್ ಕಾರುಗಳಿಗೆ ಆಗ ಒಳ್ಳೆಯ ಬೇಡಿಕೆ ಇದ್ದದ್ದು ಇದೇ ಕಾರಣಕ್ಕೆ. ಪೆಟ್ರೋಲ್ ಕಾರುಗಳ ದೊರೆ ಹೆನ್ರಿ ಫೋರ್ಡ್ ಅವರ ಪತ್ನಿ ಕ್ಲಾರಾ ಓಡಿಸುತ್ತಿದ್ದುದೂ ಎಲೆಕ್ಟ್ರಿಕ್ ಕಾರನ್ನೇ.

ಕ್ಯಾಡಿಲಾಕ್ ಕಂಪನಿಯ ಮುಖ್ಯಸ್ಥ ಹೆನ್ರಿ ಲೆಲಾಂಡ್ ಅವರನ್ನು ಈ ಹ್ಯಾಂಡಲ್ ಬಹಳ ಕಾಡಿತ್ತು. ಅವರ ಪರಿಚಯದ ಕಾರು ತಯಾರಕ ಬೈರನ್ ಕಾರ್ಟರ್ 1908ರಲ್ಲಿ ತೀರಿಕೊಂಡಿದ್ದರು. ಕೆಟ್ಟು ನಿಂತ ಕಾರಿನ ಮಹಿಳೆಯೊಬ್ಬರಿಗೆ ನೆರವಾಗಲು ಹೋಗಿ, ಹ್ಯಾಂಡಲ್ ಬಡಿದು ಆದ ಗಾಯವೇ ಕಾರ್ಟರ್ ಸಾವಿಗೆ ಕಾರಣ ಎಂಬ ಕಥೆ ಡೆಟ್ರಾಯಿಟ್‌ನಲ್ಲಿ ಇಂದಿಗೂ ಪ್ರಚಲಿತ. ಅದರ ವಿವರಗಳನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ಆದರೆ ಹ್ಯಾಂಡಲ್ ಇಲ್ಲದ ಕಾರು ಬೇಕೆಂದು ಲೆಲಾಂಡ್ ಪಟ್ಟು ಹಿಡಿದದ್ದು ನಿಜ.

ಕೊಟ್ಟಿಗೆಯಲ್ಲಿ ಹುಟ್ಟಿದ ಯಂತ್ರ

ಅಷ್ಟರಲ್ಲಿ ಕೆಟರಿಂಗ್ ಸಹೋದ್ಯೋಗಿ ಎಡ್ವರ್ಡ್ ಡೀಡ್ಸ್ ಜೊತೆ ಸೇರಿ ಡೆಲ್ಕೊ ಎಂಬ ಕಂಪನಿ ಕಟ್ಟಿದ್ದರು. ಪ್ರಯೋಗಾಲಯ ಅಂದರೆ ಡೀಡ್ಸ್ ಮನೆಯ ಹಿಂದಿನ ಕೊಟ್ಟಿಗೆ. ಹಗಲು ಕಂಪನಿಯಲ್ಲಿ ದುಡಿದ ಗೆಳೆಯರು ಸಂಜೆ, ರಜಾ ದಿನ ಅಲ್ಲಿ ಸೇರುತ್ತಿದ್ದರು. ಕ್ಯಾಡಿಲಾಕ್‌ಗಾಗಿ ಹೊಸ ಇಗ್ನಿಷನ್ ವ್ಯವಸ್ಥೆಯನ್ನು ರೂಪಿಸಿದ್ದೂ ಇದೇ ತಂಡ.

ಎಲೆಕ್ಟ್ರಿಕ್ ಸ್ಟಾರ್ಟರ್ ಕಲ್ಪನೆ ಕೆಟರಿಂಗ್ ಅವರಿಗೇ ಮೊದಲು ಹೊಳೆದದ್ದಲ್ಲ. ಕ್ಲೈಡ್ ಕೋಲ್ಮನ್ ಎಂಬವರು 1903ರಲ್ಲೇ ಪೇಟೆಂಟ್ ಪಡೆದಿದ್ದರು. ಸ್ಪ್ರಿಂಗ್, ಒತ್ತಿದ ಗಾಳಿ ಬಳಸಿ ಪ್ರಯತ್ನಿಸಿದವರೂ ಇದ್ದರು. ಯಾವುದೂ ದಿನಬಳಕೆಗೆ ಒಗ್ಗಲಿಲ್ಲ. ಎಂಜಿನ್ ತಿರುಗಿಸುವಷ್ಟು ದೊಡ್ಡ ಮೋಟಾರ್, ಅದಕ್ಕೆ ತಕ್ಕ ಬ್ಯಾಟರಿ ಇಟ್ಟರೆ ಕಾರಿನಲ್ಲಿ ಜಾಗವೇ ಉಳಿಯದು ಎಂಬುದು ಹಲವು ಎಂಜಿನಿಯರ್‌ಗಳ ಲೆಕ್ಕಾಚಾರ.

ಕೆಟರಿಂಗ್ ಗಲ್ಲಾಪೆಟ್ಟಿಗೆಯ ಲೆಕ್ಕ ಹಾಕಿದರು. ಸ್ಟಾರ್ಟರ್ ಕೆಲಸ ಕೆಲವೇ ಸೆಕೆಂಡುಗಳದ್ದು. ಅಷ್ಟು ಹೊತ್ತು ಪುಟ್ಟ ಮೋಟಾರ್ ಎಷ್ಟು ಭಾರವನ್ನಾದರೂ ಹೊರುತ್ತದೆ. ಅದರ ಜೊತೆಗೆ ಇನ್ನೊಂದು ಉಪಾಯವನ್ನೂ ಸೇರಿಸಿದರು. ಎಂಜಿನ್ ಸ್ಟಾರ್ಟ್ ಆದ ಮೇಲೆ ಅದೇ ಮೋಟಾರ್ ಜನರೇಟರ್ ಆಗಿ ತಿರುಗಿ, ಖರ್ಚಾದ ಕರೆಂಟನ್ನು ಬ್ಯಾಟರಿಗೆ ಮರಳಿ ತುಂಬುತ್ತದೆ. ದೀಪಗಳೂ ಅದೇ ಬ್ಯಾಟರಿಯಿಂದ ಉರಿಯುತ್ತವೆ.

1911ರ ಫೆಬ್ರವರಿಯಲ್ಲಿ ಕ್ಯಾಡಿಲಾಕ್ ಕಾರೊಂದಕ್ಕೆ ಇದನ್ನು ಜೋಡಿಸಿ ತೋರಿಸಲಾಯಿತು. ಚಾಲಕ ಕೆಳಗಿಳಿದು ಕೈಹಾಕದೆಯೇ ಎಂಜಿನ್ ಸ್ಟಾರ್ಟ್ ಆಯಿತು. ಕ್ಯಾಡಿಲಾಕ್‌ನ 1912ರ ಮಾದರಿಯ ಕಾರುಗಳು ಸೆಲ್ಫ್ ಸ್ಟಾರ್ಟರ್ ಸಹಿತ ಮಾರುಕಟ್ಟೆಗೆ ಬಂದವು. ಈ ಸಾಧನೆಗೆ ಕ್ಯಾಡಿಲಾಕ್‌ಗೆ ಬ್ರಿಟನ್ನಿನ ಪ್ರತಿಷ್ಠಿತ ಡ್ಯೂವರ್ ಟ್ರೋಫಿ ಸಂದಿತು. 1915ರಲ್ಲಿ ಕೆಟರಿಂಗ್ ಅವರಿಗೆ ಪೇಟೆಂಟ್ ಸಿಕ್ಕಿತು. ಪೆಟ್ರೋಲ್ ಕಾರನ್ನು ಈಗ ಯಾರು ಬೇಕಾದರೂ ಸ್ಟಾರ್ಟ್ ಮಾಡಬಹುದಿತ್ತು. ಮೊದಲ ಸುತ್ತಿನ ಎಲೆಕ್ಟ್ರಿಕ್ ಕಾರುಗಳು ಮೂಲೆ ಸೇರಲು ಇದೂ ಒಂದು ದೊಡ್ಡ ಕಾರಣ.

ಕೇಬಲ್ ಹಾಕುವಾಗಲೂ ಅದೇ ಲೆಕ್ಕ

ಇಂದಿನ ಕಾರುಗಳಲ್ಲಿ ಸ್ಟಾರ್ಟರ್ ಬೇರೆ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಬೇರೆ. ಆದರೆ ಮೂಲ ಸೂತ್ರ ಕೆಟರಿಂಗ್ ಅವರದ್ದೇ. ದೀಪಕ್ಕೆ ಕೆಲವೇ ಆಂಪಿಯರ್ ಸಾಕು, ಸ್ಟಾರ್ಟರ್‌ಗೆ ನೂರಕ್ಕೂ ಹೆಚ್ಚು ಬೇಕು. ಅದಕ್ಕೇ ಡೌನ್ ಆದ ಬ್ಯಾಟರಿಯಲ್ಲಿ ದೀಪ ಉರಿದರೂ ಎಂಜಿನ್ ತಿರುಗುವುದಿಲ್ಲ. ಬೇಕಿರುವುದು ಕೆಲವೇ ಸೆಕೆಂಡಿನ ಶಕ್ತಿಯಾದ್ದರಿಂದಲೇ ಪಕ್ಕದ ಕಾರಿನಿಂದ ಸಾಲ ತಂದರೂ ಕೆಲಸ ನಡೆಯುತ್ತದೆ.

ಜಂಪ್ ಸ್ಟಾರ್ಟ್ ಮಾಡುವಾಗ ಎರಡೂ ಬ್ಯಾಟರಿ ಒಂದೇ ವೋಲ್ಟೇಜ್‌ನದ್ದಾಗಿರಬೇಕು, ಎರಡೂ ಕಾರು ಆಫ್ ಆಗಿರಬೇಕು, ಒಂದಕ್ಕೊಂದು ತಾಗಿರಬಾರದು. ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಅದರ ಕೊನೆಯ ತುದಿಯನ್ನು ಡೌನ್ ಆದ ಬ್ಯಾಟರಿಗೆ ಹಾಕಬಾರದು; ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ ಕಚ್ಚಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರಬಹುದು, ಬ್ಯಾಟರಿಯ ಸುತ್ತ ಹೈಡ್ರೋಜನ್ ಅನಿಲ ಇರಬಹುದು. ಎರಡೂ ಸೇರಿದರೆ ಸ್ಫೋಟದ ಅಪಾಯ. ಬ್ಯಾಟರಿ ಉಬ್ಬಿದ್ದರೆ, ಸೋರುತ್ತಿದ್ದರೆ ಈ ಸಾಹಸವೇ ಬೇಡ.

ಬಳಿಕ ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ, ಕೆಲವು ನಿಮಿಷ ಬಿಟ್ಟು ನಿಂತ ಕಾರಿನ ಕೀಲಿ ತಿರುಗಿಸಬೇಕು. ಸ್ಟಾರ್ಟ್ ಆದರೆ ಕೇಬಲ್‌ಗಳನ್ನು ಹಾಕಿದ್ದಕ್ಕೆ ಹಿಂದುಮುಂದಾಗಿ ತೆಗೆಯಬೇಕು. ಗೇರ್ ಬದಲಿಸುವ ಕಾರಾದರೆ ಇಗ್ನಿಷನ್ ಆನ್ ಮಾಡಿ, ಕ್ಲಚ್ ಒತ್ತಿ, ಎರಡನೇ ಗೇರ್‌ಗೆ ಹಾಕಿ, ತಳ್ಳಿಸಿ ವೇಗ ಬಂದಾಗ ಕ್ಲಚ್ ಬಿಡುವ ಹಳೆಯ ದಾರಿಯೂ ಇದೆ. ಆಟೊಮ್ಯಾಟಿಕ್ ಕಾರಿಗೆ ಇದು ನಡೆಯದು. ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ ಅಥವಾ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ ಎಂದರ್ಥ.

ಸೀಸದ ಕಲೆ

ಡೆಲ್ಕೊ ಮುಂದೆ ಜನರಲ್ ಮೋಟಾರ್ಸ್ ಪಾಲಾಯಿತು. ಕೆಟರಿಂಗ್ 1920ರಿಂದ 1947ರವರೆಗೆ ಅಲ್ಲಿನ ಸಂಶೋಧನಾ ವಿಭಾಗ ನಡೆಸಿದರು. ಕಾರಿನ ಬಣ್ಣ ಬೇಗ ಒಣಗುವಂತೆ ಮಾಡಿದ್ದು, ರೈಲಿಗೆ ಹೊಂದುವ ಡೀಸೆಲ್ ಎಂಜಿನ್ ರೂಪಿಸಿದ್ದು ಈ ವಿಭಾಗದ ಸಾಧನೆಗಳಲ್ಲಿ ಕೆಲವು.

ಅಲ್ಲಿಂದಲೇ ದೊಡ್ಡ ಅನಾಹುತವೂ ಬಂತು. ಎಂಜಿನ್ ಒಳಗಿನ ‘ನಾಕಿಂಗ್’ ಸದ್ದು ತಡೆಯಲು ಮದ್ದು ಹುಡುಕುವ ಕೆಲಸವನ್ನು ಕೆಟರಿಂಗ್ ತಮ್ಮ ಸಹಾಯಕ ಥಾಮಸ್ ಮಿಡ್ಜ್ಲಿಗೆ ವಹಿಸಿದ್ದರು. 1921ರ ಡಿಸೆಂಬರ್‌ನಲ್ಲಿ ಅದು ಸೀಸದ ಸಂಯುಕ್ತವೊಂದರ ರೂಪದಲ್ಲಿ ಸಿಕ್ಕಿತು. ಸೀಸ ವಿಷ ಎಂಬುದು ಆಗಲೂ ಗೊತ್ತಿದ್ದ ಸಂಗತಿ. ಸೀಸದ ಹೆಸರೇ ಬಾರದಂತೆ ‘ಎಥಿಲ್’ ಎಂಬ ಹೆಸರಿನಲ್ಲಿ ಅದನ್ನು ಮಾರಲಾಯಿತು. 1924ರಲ್ಲಿ ಎಥಿಲ್ ಕಂಪನಿ ಸ್ಥಾಪನೆಯಾದಾಗ ಕೆಟರಿಂಗ್ ಅವರೇ ಅಧ್ಯಕ್ಷ. ಅದೇ ವರ್ಷ ನ್ಯೂಜೆರ್ಸಿಯ ಘಟಕವೊಂದರಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಚಿತ್ತಭ್ರಮೆಗೊಳಗಾಗಿ ಸತ್ತರು. ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಸೇರಿದಂತೆ ಹಲವರು ಎಚ್ಚರಿಸಿದರು. ಕೆಲಕಾಲ ನಿಂತ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು.

ಕೆಲವು ಸೆಕೆಂಡುಗಳ ಲೆಕ್ಕದಲ್ಲಿ ಜಗತ್ತನ್ನೇ ಗೆದ್ದ ಎಂಜಿನಿಯರ್, ವರ್ಷಗಟ್ಟಲೆ ಗಾಳಿಗೆ ಸೇರುತ್ತಾ ಹೋಗುವ ವಿಷದ ಲೆಕ್ಕದಲ್ಲಿ ಸೋತರು. ಮಕ್ಕಳ ಮಿದುಳಿಗೆ ಹಾನಿ ಮಾಡುವ ಆ ಪೆಟ್ರೋಲ್ ಭಾರತದಲ್ಲಿ ನಿಂತದ್ದು 2000ದಲ್ಲಿ. ಕೊನೆಯದಾಗಿ ಅಲ್ಜೀರಿಯಾ 2021ರಲ್ಲಿ ಅದನ್ನು ಕೈಬಿಟ್ಟಿತು.

ಉಳಿದ ಹೆಸರು

1945ರಲ್ಲಿ ಕೆಟರಿಂಗ್ ಮತ್ತು ಜನರಲ್ ಮೋಟಾರ್ಸ್‌ನ ಆಲ್‌ಫ್ರೆಡ್ ಸ್ಲೋನ್ ಸೇರಿ ನ್ಯೂಯಾರ್ಕ್‌ನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. ಇಂದಿನ ಪ್ರಸಿದ್ಧ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯ ಹೆಸರಿನಲ್ಲಿ ಇಬ್ಬರೂ ಉಳಿದಿದ್ದಾರೆ. ಡೇಟನ್ ಪಕ್ಕದ ಊರೊಂದಕ್ಕೂ ಕೆಟರಿಂಗ್ ಎಂದೇ ಹೆಸರು. 1958ರ ನವೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ, ಅವರು ನಿಧನರಾದರು.

ಬಾನೆಟ್ ಕೆಳಗಿನ ಸಾಮಾನ್ಯ ಕಾರಿನ ಬ್ಯಾಟರಿಯ ತಟ್ಟೆಗಳು ಇಂದಿಗೂ ಸೀಸದವೇ. ಅದು ಪೆಟ್ಟಿಗೆಯೊಳಗೆ ಇರುವವರೆಗೆ ಉಪಕಾರಿ, ಗುಜರಿಯಲ್ಲಿ ಒಡೆದು ಕರಗಿಸಿದರೆ ಅಪಾಯಕಾರಿ. ಕೇಬಲ್ ಹಾಕಿದರೂ ಏಳದ ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಡೀಲರ್‌ಗೇ ಹಿಂತಿರುಗಿಸಿದರೆ ಆ ಸೀಸ ಮತ್ತೆ ಹೊಸ ಬ್ಯಾಟರಿಯಾಗುತ್ತದೆ. ಕೆಟರಿಂಗ್ ಹಾಕದೆ ಬಿಟ್ಟ ಲೆಕ್ಕವನ್ನು ಕಾರು ಓಡಿಸುವವರು ತಮ್ಮ ಮಟ್ಟಿಗಾದರೂ ಹಾಕಬಹುದು.