ಜಾರ್ಜ್ ಬರ್ನಾರ್ಡ್ ಷಾ

ಸಾಹಿತ್ಯಕ್ಕೆ ಸಲ್ಲುವ ನೊಬೆಲ್ ಪಾರಿತೋಷಕ, ಚಲನಚಿತ್ರಕ್ಕೆ ಸಲ್ಲುವ ಆಸ್ಕರ್ ಪ್ರಶಸ್ತಿ ಇವೆರಡನ್ನೂ ಪಡೆದವರಲ್ಲಿ ಮೊದಲಿಗನು ಬರ್ನಾರ್ಡ್ ಷಾ. ಈ ಜೋಡಿ ಗೌರವ 2016ರವರೆಗೆ ಬೇರೆ ಯಾರಿಗೂ ದೊರೆಯಲಿಲ್ಲ. ಆದರೆ ಷಾ ಎರಡಕ್ಕೂ ಹಂಬಲಿಸಿದವನಲ್ಲ.

ಆತ ಹುಟ್ಟಿದ್ದು ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, 1856ರ ಜುಲೈ 26ರಂದು. ತಂದೆ ದವಸದ ವ್ಯಾಪಾರಿ, ಕುಡಿತಕ್ಕೆ ಬಲಿಯಾದವನು. ತಾಯಿ ಗಾಯಕಿ. ಮನೆಯಲ್ಲಿ ಹಣಕ್ಕೆ ಬಡತನವಿದ್ದರೂ ಸಂಗೀತಕ್ಕೆ ಬಡತನವಿರಲಿಲ್ಲ. ಷಾಗೆ ಶಾಲೆಯೆಂದರೆ ಸೆರೆಮನೆ. ಹದಿನೈದನೆಯ ವಯಸ್ಸಿಗೇ ಅದನ್ನು ಬಿಟ್ಟು, ಜಮೀನಿನ ವ್ಯವಹಾರ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ಗುಮಾಸ್ತನಾದನು. 1876ರಲ್ಲಿ ಆ ಕೆಲಸವನ್ನೂ ತೊರೆದು, ಅದಾಗಲೇ ಲಂಡನ್ನಿನಲ್ಲಿ ನೆಲಸಿದ್ದ ತಾಯಿಯ ಬಳಿಗೆ ಹೊರಟುಹೋದನು.

ಲಂಡನ್ನಿನಲ್ಲಿ ಅನ್ನ ಹುಟ್ಟುವುದೇ ಕಷ್ಟವಾಯಿತು. ತಾಯಿ ಸಂಗೀತ ಪಾಠ ಹೇಳಿ ಸಂಪಾದಿಸುತ್ತಿದ್ದಳು. ಮಗ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯದಲ್ಲಿ ಕುಳಿತು ಓದುತ್ತಿದ್ದನು, ಬರೆಯುತ್ತಿದ್ದನು. ಬರೆದ ಐದು ಕಾದಂಬರಿಗಳನ್ನೂ ಪ್ರಕಾಶಕರು ಒಂದಾದ ಮೇಲೊಂದರಂತೆ ಹಿಂದಿರುಗಿಸಿದರು. 1884ರಲ್ಲಿ ಆತ ಫೇಬಿಯನ್ ಸಂಘವೆಂಬ ಸಮಾಜವಾದಿ ಸಂಸ್ಥೆಯನ್ನು ಸೇರಿದನು. ಸಭೆಯಲ್ಲಿ ಎದ್ದು ನಿಲ್ಲಲು ನಡುಗುತ್ತಿದ್ದವನು ಬೀದಿಯ ಮೂಲೆಗಳಲ್ಲಿ, ಉದ್ಯಾನಗಳಲ್ಲಿ ಭಾಷಣಮಾಡಿ ಅಂಜಿಕೆಯನ್ನು ನೀಗಿಕೊಂಡನು. ಪತ್ರಿಕೆಗಳಿಗೆ ಸಂಗೀತ ವಿಮರ್ಶೆ, ನಾಟಕ ವಿಮರ್ಶೆ ಬರೆಯತೊಡಗಿದ ಮೇಲೆಯೇ ಜೀವನಕ್ಕೊಂದು ಆಧಾರ ದೊರೆತದ್ದು.

ಮೊದಲ ನಾಟಕ ರಂಗಕ್ಕೆ ಬಂದಾಗ (1892) ಷಾಗೆ ಮೂವತ್ತಾರು ವರ್ಷ. ಕೊಳೆಗೇರಿಯ ಬಡವರಿಂದ ಬಾಡಿಗೆ ಹಿಂಡಿ ಸಭ್ಯರೆನಿಸಿಕೊಂಡವರ ಕಥೆ ಅದು. ಮರುವರ್ಷ ಬರೆದ ಮತ್ತೊಂದು ನಾಟಕದ ಸಾರ್ವಜನಿಕ ಪ್ರದರ್ಶನಕ್ಕೆ ಸರ್ಕಾರದ ಅನುಮತಿ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ!

ಆತನ ನಾಟಕಗಳಲ್ಲಿ ಜನಪ್ರಿಯವಾದದ್ದು 'ಪಿಗ್ಮೇಲಿಯನ್'. ಹಿಗಿನ್ಸ್ ಎಂಬ ಧ್ವನಿಶಾಸ್ತ್ರಜ್ಞ, ಬೀದಿಯಲ್ಲಿ ಹೂ ಮಾರುವ ಎಲೈಜಾಗೆ ಶ್ರೀಮಂತರ ನುಡಿಯನ್ನು ಕಲಿಸಿ ಪಂಥ ಗೆಲ್ಲುತ್ತಾನೆ. ಪಂಥ ಮುಗಿಯಿತು, ಇನ್ನು ಆ ಹುಡುಗಿಯ ಗತಿಯೇನು? ಆಕೆ ಯಾರ ಕೈಗೊಂಬೆಯೂ ಆಗದೆ ತನ್ನ ದಾರಿ ಹಿಡಿಯಬೇಕೆಂಬುದು ಷಾನ ನಿಲುವು. ಪ್ರೇಕ್ಷಕರಿಗೆ ಬೇಕಾದದ್ದು ಮದುವೆ. 1914ರ ಲಂಡನ್ ಪ್ರದರ್ಶನದಲ್ಲಿ ಹಿಗಿನ್ಸ್ ಪಾತ್ರಧಾರಿ, ತೆರೆ ಬೀಳುವ ಮುನ್ನ ಎಲೈಜಾಳತ್ತ ಹೂ ಎಸೆದು ಜನರ ಆಸೆಯನ್ನು ತೀರಿಸತೊಡಗಿದನು. ಷಾ ಕೆರಳಿದನು. 1916ರಲ್ಲಿ ನಾಟಕಕ್ಕೆ ಗದ್ಯದ ಅನುಬಂಧವನ್ನೇ ಸೇರಿಸಿ, ಎಲೈಜಾ ಫ್ರೆಡ್ಡಿಯೆಂಬ ಬೇರೊಬ್ಬ ತರುಣನನ್ನು ವರಿಸಿ ಹೂವಿನ ಅಂಗಡಿ ಇಟ್ಟಳೆಂದು ವಿವರಿಸಿದನು.

1925ನೆಯ ಸಾಲಿನ ನೊಬೆಲ್ ಪಾರಿತೋಷಕ ಬಂದಾಗ ಆತ ಗೌರವವನ್ನು ಸ್ವೀಕರಿಸಿ, ಹಣವನ್ನು ತಾನು ಮುಟ್ಟದೆ, ಸ್ವೀಡನ್ನಿನ ಸಾಹಿತ್ಯವನ್ನು ಇಂಗ್ಲಿಷಿಗೆ ತರುವ ಕಾರ್ಯಕ್ಕೆ ಬಿಟ್ಟುಕೊಟ್ಟನು.

ಮಾತೇ ಜೀವಾಳವಾದ ತನ್ನ ನಾಟಕಗಳನ್ನು ಮೂಕಚಿತ್ರಗಳಿಗೆ ಕೊಡಲು ಷಾ ಒಪ್ಪಿರಲಿಲ್ಲ. ಗೇಬ್ರಿಯಲ್ ಪ್ಯಾಸ್ಕಲ್ ಎಂಬ ಹಂಗೆರಿಯ ನಿರ್ಮಾಪಕ ಆತನ ವಿಶ್ವಾಸ ಗಳಿಸಿ, 1938ರಲ್ಲಿ 'ಪಿಗ್ಮೇಲಿಯನ್' ಚಿತ್ರವನ್ನು ಹೊರತಂದನು. ಎಂಬತ್ತು ದಾಟಿದ ಷಾ ಅದಕ್ಕಾಗಿ ಹೊಸ ದೃಶ್ಯಗಳನ್ನು ಬರೆದುಕೊಟ್ಟಿದ್ದನು. ಆದರೆ ಚಿತ್ರದ ಕೊನೆಯಲ್ಲಿ ಎಲೈಜಾ ಹಿಗಿನ್ಸನ ಮನೆಗೇ ಹಿಂದಿರುಗಿದಳು! ಚಿತ್ರಕಥೆಗೆ ಆಸ್ಕರ್ ಬಂದಿತು. ಇನ್ನೂ ಮೂವರು ಲೇಖಕರು ಅದರಲ್ಲಿ ಪಾಲುದಾರರು. ಪ್ರಶಸ್ತಿ ತನಗೆ ಅವಮಾನವೆಂದೇ ಷಾ ಬಗೆದನು. ಇದನ್ನು ಮೊಂಡುತನವೆನ್ನುವವರುಂಟು. ಆದರೆ ತಾನು ಒಪ್ಪದ ಮುಕ್ತಾಯವನ್ನು ಹೊತ್ತ ಚಿತ್ರಕ್ಕೆ ಬಂದ ಮನ್ನಣೆಯಿಂದ ಲೇಖಕನು ಹೇಗೆ ಹಿಗ್ಗಿಯಾನು? 1941ರ ಮುದ್ರಣದಲ್ಲಿ ಆತ ನಾಟಕದ ಕೊನೆಯ ಮಾತುಗಳನ್ನು ಮತ್ತೆ ತಿದ್ದಿ, ಆಕೆಯ ಮದುವೆ ಫ್ರೆಡ್ಡಿಯೊಡನೆಯೇ ಎಂದು ಸ್ಪಷ್ಟಪಡಿಸಿದನು.

ತನ್ನ ಕೈತೋಟದಲ್ಲಿ ಮರ ಸವರುತ್ತಿದ್ದಾಗ ಬಿದ್ದು ಹಾಸಿಗೆ ಹಿಡಿದ ಷಾ, 1950ರ ನವೆಂಬರ್ 2ರಂದು ತೀರಿಕೊಂಡನು. ಬದುಕಿದ್ದಾಗ ಆತ ಬೇಡವೆಂದಿದ್ದ ಸಂಗೀತ ರೂಪಾಂತರ 1956ರಲ್ಲಿ ರಂಗವೇರಿ ಜಗತ್ಪ್ರಸಿದ್ಧವಾಯಿತು. ಅಲ್ಲಿಯೂ ಎಲೈಜಾ ಹಿಂದಿರುಗಿ ಬರುತ್ತಾಳೆ. ಅದರಿಂದ ಬಂದ ಗೌರವಧನದಲ್ಲಿ ಒಂದು ಪಾಲು, ಷಾನ ಉಯಿಲಿನಂತೆ, ಆತ ಬರಿಗೈಯಲ್ಲಿ ಕುಳಿತು ಓದಿದ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸಂದಿತು.