ನೋವು ಬರುವ ಮೊದಲೇ ಮದ್ದು ಕೊಟ್ಟ ಡಾಕ್ಟರಮ್ಮ

ಕಾಪು ಇರಲಿ, ಕಾರ್ಕಳ ಇರಲಿ, ಉಡುಪಿ ಪೇಟೆಯೇ ಇರಲಿ, ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದ ಮನೆಯವರು ಒಂದಲ್ಲ ಒಂದು ದಿನ ಈ ಮಾತು ಕೇಳುತ್ತಾರೆ: ಇನ್ನೇನೂ ಮಾಡುವುದಕ್ಕಾಗುವುದಿಲ್ಲ, ಮನೆಗೆ ಕರ್ಕೊಂಡು ಹೋಗಿ. ಆಮೇಲೆ ರಾತ್ರಿಯೆಲ್ಲಾ ಹಾಸಿಗೆ ಪಕ್ಕ ಕೂರುವವರು ಯಾರು? ನೀವೇ. ಅತ್ತೆಯ ನರಳಾಟ ಕೇಳುತ್ತಾ, ಇನ್ನೊಂದು ಮಾತ್ರೆ ಕೊಡಲೋ ಬೇಡವೋ ಎಂದು ಗಡಿಯಾರ ನೋಡುವವರೂ ನೀವೇ. ಹಾಗಾಗಿ ಸಿಸಿಲಿ ಸಾಂಡರ್ಸ್ ಎಂಬ ಇಂಗ್ಲೆಂಡಿನ ಹೆಂಗಸಿನ ಕತೆ ನಿಮಗೆ ಗೊತ್ತಿರಲೇಬೇಕು.

ಸಿಸಿಲಿ ಹುಟ್ಟಿದ್ದು 1918ರ ಜೂನ್ 22ರಂದು, ಲಂಡನ್ ಹತ್ತಿರದ ಬಾರ್ನೆಟ್‌ನಲ್ಲಿ. ಅನುಕೂಲಸ್ಥರ ಮನೆ. ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದವಳು ಮಹಾಯುದ್ಧ ಶುರುವಾದಾಗ ಓದು ಬಿಟ್ಟು ನರ್ಸ್ ತರಬೇತಿಗೆ ಸೇರಿದಳು. ಬೆನ್ನುನೋವು ಆ ಕೆಲಸವನ್ನೂ ಬಿಡಿಸಿತು. ಹಾಗಂತ ಮನೆಯಲ್ಲಿ ಕೂರಲಿಲ್ಲ, ಆಸ್ಪತ್ರೆಯಲ್ಲೇ ರೋಗಿಗಳ ಮನೆಕಷ್ಟ ವಿಚಾರಿಸುವ ಸಮಾಜಸೇವಕಿಯಾದಳು.

ಅಲ್ಲಿ ಸಿಕ್ಕವನು ಡೇವಿಡ್ ಟಾಸ್ಮಾ. ವಾರ್ಸಾದಿಂದ ಬಂದ ಯಹೂದಿ, ಹೋಟೆಲಿನಲ್ಲಿ ವೇಟರ್ ಆಗಿದ್ದವನು, ವಯಸ್ಸು ನಲವತ್ತು. ಆಪರೇಷನ್ ಮಾಡಲಾಗದ ಕ್ಯಾನ್ಸರ್. ಊರಲ್ಲಿ ತನ್ನವರು ಅಂತ ಯಾರೂ ಇಲ್ಲ. ಸಿಸಿಲಿ ದಿನಾ ಹೋಗಿ ಮಾತಾಡುತ್ತಿದ್ದಳು. ಸಾಯುವವರು ನೆಮ್ಮದಿಯಿಂದ ಇರಬಹುದಾದ ಒಂದು ಮನೆ ಹೇಗಿರಬೇಕು ಎಂದು ಇಬ್ಬರೂ ಯೋಚಿಸಿದರು. 1948ರಲ್ಲಿ ಆತ ತೀರಿಕೊಂಡಾಗ ಆ ಮನೆಯ ಒಂದು ಕಿಟಕಿಗೆಂದು 500 ಪೌಂಡ್ ಬಿಟ್ಟುಹೋಗಿದ್ದ. ಮನೆ ಇನ್ನೂ ಕಟ್ಟೇ ಇರಲಿಲ್ಲ, ಕಿಟಕಿಗೆ ಹಣ ಮಾತ್ರ ಬಂತು!

ಇನ್ನು ಮದ್ದಿನ ವಿಷಯ. ಆಗಿನ ಡಾಕ್ಟರುಗಳಿಗೆ ಮಾರ್ಫಿನ್ ಅಂದರೆ ಭಯ, ಚಟ ಹಿಡಿಯುತ್ತದೆ ಅಂತ. ರೋಗಿ ನೋವಿನಿಂದ ಕೂಗಿಕೊಂಡ ಮೇಲೆ ಒಂದು ಇಂಜೆಕ್ಷನ್. ಅದರ ಬಲ ಇಳಿದ ಮೇಲೆ ಮತ್ತೆ ಕೂಗು. ಸಿಸಿಲಿ ಸಂಜೆ ಹೊತ್ತು ಸ್ವಯಂಸೇವಕಿಯಾಗಿ ಹೋಗುತ್ತಿದ್ದ ಸೇಂಟ್ ಲ್ಯೂಕ್ಸ್ ಎಂಬ ಚಿಕ್ಕ ಆಸ್ಪತ್ರೆಯಲ್ಲಿ ಬೇರೆಯೇ ಕ್ರಮವಿತ್ತು. ನೋವು ಬರಲಿ ಎಂದು ಕಾಯದೆ, ಹೊತ್ತು ಹೊತ್ತಿಗೆ ಬಾಯಿಯಲ್ಲೇ ಮದ್ದು. ಇದನ್ನು ಎಲ್ಲ ಕಡೆ ಮಾಡಿಸಬೇಕೆಂದು ಅವಳಿಗೆ ಆಸೆ. ಆದರೆ ಸಮಾಜಸೇವಕಿಯ ಮಾತು ಯಾವ ಡಾಕ್ಟರ್ ಕೇಳ್ತಾರೆ? ನಾರ್ಮನ್ ಬ್ಯಾರೆಟ್ ಎಂಬ ಸರ್ಜನ್ ಅವಳಿಗೆ ನೇರವಾಗಿಯೇ ಬುದ್ಧಿ ಹೇಳಿದರು. ಸಾಯುವವರನ್ನು ಕೈಬಿಡುವವರು ಡಾಕ್ಟರುಗಳೇ, ಆದ್ದರಿಂದ ನೀನೇ ಡಾಕ್ಟರಾಗು ಅಂತ.

1951ರಲ್ಲಿ, ಮೂವತ್ತಮೂರನೇ ವಯಸ್ಸಿಗೆ, ಮೆಡಿಕಲ್ ಸೇರಿದಳು. ಮಕ್ಕಳು ಶಾಲೆಗೆ ಹೋಗುವ ವಯಸ್ಸಾಯಿತು, ಇನ್ನು ನನಗೇನು ಓದು ಎನ್ನುವವರು ಇದನ್ನು ಎರಡು ಸಲ ಓದಿ. 1957ರಲ್ಲಿ ಡಾಕ್ಟರಾದರು. ಮರುವರ್ಷದಿಂದ ಸೇಂಟ್ ಜೋಸೆಫ್ಸ್ ಎಂಬ ಕಡೆ ಕೆಲಸ. ಅಲ್ಲಿ ರೋಗಿಗಳಿಗೆ ಗಡಿಯಾರ ನೋಡಿ ಮಾರ್ಫಿನ್ ಕೊಟ್ಟು, ಸಾವಿರಕ್ಕೂ ಹೆಚ್ಚು ಜನರ ವಿವರ ಬರೆದಿಟ್ಟರು. ನೋವು ಹತೋಟಿಗೆ ಬಂದವರು ಎಚ್ಚರವಾಗಿದ್ದರು, ಮಾತಾಡುತ್ತಿದ್ದರು. ಡಾಕ್ಟರುಗಳು ಹೆದರಿದ್ದ ಚಟ ಕಾಣಲಿಲ್ಲ. ಬರೀ ಕರುಣೆಯ ಮಾತಾಡಿದ್ದರೆ ಯಾರೂ ಕಿವಿಗೊಡುತ್ತಿರಲಿಲ್ಲವೇನೋ, ಲೆಕ್ಕ ತೋರಿಸಿದ್ದಕ್ಕೆ ಕೇಳಿದರು.

ಅವರು ಕಂಡುಕೊಂಡ ಇನ್ನೊಂದು ಸಂಗತಿ, ನೋವು ಬರೀ ಮೈಯದ್ದಲ್ಲ. ಮಗಳ ಮದುವೆ ಆಗಿಲ್ಲ, ಸೊಸೈಟಿ ಸಾಲ ತೀರಿಲ್ಲ, ತಮ್ಮನ ಜೊತೆ ಮಾತು ಬಿಟ್ಟು ವರ್ಷಗಳಾದವು, ದೇವರು ನನಗೇ ಯಾಕೆ ಹೀಗೆ ಮಾಡಿದ... ಇಂಥ ಸಂಕಟವೆಲ್ಲ ಸೇರಿ ಒಂದೇ ನೋವಾಗುತ್ತದೆ, ಎಲ್ಲಕ್ಕೂ ಆರೈಕೆ ಬೇಕು ಎಂದರು. 1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ತೆರೆಯಿತು, ಡೇವಿಡ್‌ನ ಕಿಟಕಿಯ ಸಮೇತ. ಎರಡು ವರ್ಷದಲ್ಲಿ ರೋಗಿಯ ಮನೆಗೇ ಹೋಗಿ ನೋಡುವ ಸೇವೆಯೂ ಶುರುವಾಯಿತು. 1980ರಲ್ಲಿ, ಅರವತ್ತು ದಾಟಿದ ಮೇಲೆ, ಪೋಲೆಂಡಿನ ಚಿತ್ರಕಾರರೊಬ್ಬರನ್ನು ಮದುವೆಯಾದರು. 2005ರ ಜುಲೈ 14ರಂದು ತಾವೇ ಕಟ್ಟಿದ ಆ ಮನೆಯಲ್ಲಿ ತೀರಿಕೊಂಡರು. ಅವರಿಗೂ ಬಂದದ್ದು ಸ್ತನ ಕ್ಯಾನ್ಸರ್.

ನಮ್ಮ ದೇಶಕ್ಕೂ ಈ ದಾರಿ ಬಂತು. 1986ರಲ್ಲಿ ಮುಂಬೈಯ ಶಾಂತಿ ಅವೇದನಾ ಸದನ, 1993ರಲ್ಲಿ ಕೋಯಿಕ್ಕೋಡಿನ ಡಾಕ್ಟರುಗಳ ಪ್ರಯತ್ನ, ಆಮೇಲೆ ಬೆಂಗಳೂರಿನ ಕರುಣಾಶ್ರಯ. ಆದರೆ 1985ರ ಮಾದಕ ವಸ್ತು ಕಾನೂನಿನಿಂದಾಗಿ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 2014ರಲ್ಲಿ ತಿದ್ದುಪಡಿ ಮಾಡಿದರು. ಮಣಿಪಾಲದ ಕೆಎಂಸಿಯಲ್ಲಿ ಉಪಶಮನ ಆರೈಕೆಗೆ, ಅಂದರೆ ಪ್ಯಾಲಿಯೇಟಿವ್ ಕೇರ್‌ಗೆ, ಪ್ರತ್ಯೇಕ ವಿಭಾಗವಿದೆ, ಮಣಿಪಾಲದಲ್ಲೇ ಹಾಸ್ಪೈಸ್ ಕೂಡ ಇದೆ.

ಹಾಗಿದ್ದೂ ಡಾಕ್ಟರುಗಳು ಬೇಗ ಅಲ್ಲಿಗೆ ಕಳಿಸುವುದಿಲ್ಲ ಯಾಕೆ? ಈ ವಿಷಯದ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ಮಣಿಪಾಲದ ವೈದ್ಯರೂ ಸೇರಿ 2020ರಲ್ಲಿ ಪ್ರಕಟಿಸಿದ್ದಾರೆ. ಆ ವಿಭಾಗದ ಹೆಸರೆತ್ತಿದರೆ ರೋಗಿಯ ಭರವಸೆ ಮುರಿಯುತ್ತದೆ, ನಾನು ಕೈಬಿಟ್ಟೆ ಅಂದುಕೊಳ್ಳುತ್ತಾರೆ ಎಂಬ ಅಳುಕು ಎಷ್ಟೋ ಕ್ಯಾನ್ಸರ್ ತಜ್ಞರಿಗಿದೆ. ಅಳುಕು ಅರ್ಥವಾಗುವಂಥದ್ದೇ. ಆದರೆ 2010ರಲ್ಲಿ ಬಾಸ್ಟನ್ನಿನ ವೈದ್ಯರು ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದಿದ್ದ 151 ಜನರ ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆಯ ಜೊತೆಗೆ ಮೊದಲಿನಿಂದಲೇ ಈ ಆರೈಕೆ ಪಡೆದವರಲ್ಲಿ ಖಿನ್ನತೆ ಕಡಿಮೆಯಿತ್ತು, ಅವರು ಸುಮಾರು ಎರಡೂವರೆ ತಿಂಗಳು ಹೆಚ್ಚೇ ಬದುಕಿದ್ದರು.

ಹಾಗಾಗಿ ಡಾಕ್ಟರು ಹೇಳಲಿ ಎಂದು ಕಾಯಬೇಡಿ, ನೀವೇ ಕೇಳಿ. ಕೀಮೋ ನಡೆಯುತ್ತಿರುವಾಗಲೂ ಕೇಳಬಹುದು. ನೋವು ಯಾವ ಹೊತ್ತಿಗೆ ಎಷ್ಟಿತ್ತು ಎಂದು ಹಾಲಿನ ಲೆಕ್ಕ ಬರೆದ ಹಾಗೆ ಕ್ಯಾಲೆಂಡರಿನಲ್ಲಿ ಬರೆದು ತೆಗೆದುಕೊಂಡು ಹೋಗಿ. ಮಾರ್ಫಿನ್ ಬರೆದುಕೊಟ್ಟರೆ ಹೇಳಿದ ಹೊತ್ತಿಗೆ ತಪ್ಪದೆ ಕೊಡಿ, ನಿಮ್ಮಷ್ಟಕ್ಕೆ ಹೆಚ್ಚು ಕಡಿಮೆ ಮಾಡಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಅದರಿಂದ ಮಲಬದ್ಧತೆ ಆಗಿಯೇ ಆಗುತ್ತದೆ ಅಂದುಕೊಳ್ಳಿ. ಬಾಳೆಹಣ್ಣು ಸಾಲದು, ಅದಕ್ಕೂ ಮದ್ದನ್ನು ಅವತ್ತೇ ಬರೆಸಿಕೊಂಡು ಬನ್ನಿ.